ಶ್ವಾನುಭೋಗರ ನೈವೇದ್ಯ

ಶ್ರಾವಣವು ತನ್ನ ಕೊನೆಯ ಮೋಡಗಳನ್ನು ಗಂಟು ಕಟ್ಟಿಕೊಂಡು ಹೊರಡಲು ಅನುವಾಗಿಯೂ ಹೊರಡಲಾರದೆ, ತವರಿನ ಹೊಸ್ತಿಲಲ್ಲಿ ಮತ್ತೆ ಮತ್ತೆ ಹಿಂದಿರುಗಿ ನೋಡುವ ಹೆಣ್ಣುಮಗಳಂತೆ ಬಸವನಗುಡಿಯ ಮೇಲೆ ತಡೆತಡೆದು ಹನಿಯುತ್ತಿದ್ದ ಆ ಅಪರಾಹ್ನವನ್ನು, ಸಹೃದಯರಾದ ಓದುಗರೇ, ಯಾವ ಮಾತಿನಿಂದ ಬಣ್ಣಿಸಲಿ!... ಆಗಸವೆಂಬ ಮಡಕೆಯಲ್ಲಿ ಯಾರೋ ಮೊಸರು ಕಡೆದು ಬೆಣ್ಣೆಯ ಉಂಡೆಗಳನ್ನು ತೇಲಿಬಿಟ್ಟಂತೆ ಬಿಳಿಮುಗಿಲು. ಆ ಮುಗಿಲ ಸಂದಿನಿಂದ ತುಪ್ಪದ ಧಾರೆಯಂತೆ ಇಳಿಯುವ ಎಳೆಬಿಸಿಲು. ಬಿಸಿಲು ಬಿದ್ದಲ್ಲೆಲ್ಲ ಮಿನುಗುವ ಒದ್ದೆ ಹಂಚು, ಒದ್ದೆ ರಸ್ತೆ, ಒದ್ದೆ ಛತ್ರಿ, ಒದ್ದೆ ಸ್ಕೂಟರಿನ ಸೀಟು... ಗಾಂಧಿ ಬಜಾರಿನ ಕಡೆಯಿಂದ ಗಾಳಿ ಬೀಸಿದರೆ ಸೇವಂತಿಗೆಯ ಕಂಪು. ಬ್ಯೂಗಲ್ ರಾಕಿನ ಕಡೆಯಿಂದ ಬೀಸಿದರೆ ನೆಂದ ಮಣ್ಣಿನ ಘಮ. ಎರಡೂ ಕಡೆಯಿಂದ ಬೀಸದೆ ಗಾಳಿ ಬಿದ್ದುಹೋದರೆ, ಆಹಾ, ಮನೆಮನೆಯ ಅಡಿಗೆಕೋಣೆಯಿಂದ ಏಲಕ್ಕಿ, ಎಳ್ಳು, ಕಾದ ಬೆಣ್ಣೆ! ಏಕೆಂದರೆ ಅಂದು ಶ್ರೀಜಯಂತಿ, ನವನೀತಚೋರನು ಹುಟ್ಟಿದ ದಿನ. ಪ್ರಕೃತಿಯು ಇಷ್ಟೊಂದು ಸಿದ್ಧತೆ ಮಾಡಿಕೊಂಡಿರುವಾಗ ಪ್ರೇಮವೊಂದು ಅಂಕುರಿಸದಿದ್ದರೆ ಅದಕ್ಕೇ ಅವಮಾನವಲ್ಲವೇ? ಅಂಕುರಿಸಿತ್ತು, ಮೂರು ವರ್ಷಗಳ ಹಿಂದೆಯೇ ಅಂಕುರಿಸಿತ್ತು. ಆದರೆ ಅದು ಬಾಯಿಬಿಡುವ ಮೊದಲೇ, ಮರುದಿನ ಬೆಳಿಗ್ಗೆ ಎಂಟು ಗಂಟೆಗೆ ನಾಯಕನ ಸಾಮಾನು ಸಾಗಿಸಲು ಟೆಂಪೋ ಗೊತ್ತಾಗಿತ್ತು.

ನಾಯಕಿಯ ಹೆಸರು ಪ್ರಿಯಂವದಾ. ಚಾಮರಾಜಪೇಟೆಯ ಹೆಣ್ಣುಮಕ್ಕಳ ಪ್ರೌಢಶಾಲೆಯೊಂದರಲ್ಲಿ ಸಂಸ್ಕೃತದ ಮೇಡಂ, ಇಪ್ಪತ್ತೊಂಬತ್ತರ ಪ್ರಾಯ. ತಂದೆತಾಯಿಯರನ್ನು ಮೈಸೂರಿನಲ್ಲಿ ಬಿಟ್ಟು ಏಳು ವರ್ಷಗಳಿಂದ ಬಸವನಗುಡಿಯ ಸೋದರತ್ತೆ ರಂಗನಾಯಕಿಯ ಮನೆಯಲ್ಲಿ ವಾಸ. ವಿಧಾತನು ಆಕೆಗೆ ಕಮಲದ ಕಣ್ಣನ್ನಾಗಲಿ ಹಂಸನಡೆಯನ್ನಾಗಲಿ ಕೊಟ್ಟಿರಲಿಲ್ಲ. ಕೊಟ್ಟದ್ದು ಒಂದು ಕಂಠ. ಆ ಕಂಠದಲ್ಲಿ ಇಡೀ ಬೀದಿಯೇ ಬಾಡಿಗೆಗಿತ್ತು! ಹೂವಿನವಳ ಎಳೆದೆಳೆದ ಕೂಗು, ಶಾಲೆಯ ಮುಖ್ಯೋಪಾಧ್ಯಾಯಿನಿಯ ಮೂಗಿನ ಗದರಿಕೆ, ಅತ್ತೆಯ ಏರುಸ್ವರದ ‘ಲೇ ಪ್ರಿಯಂವದಾ’, ಎದುರುಮನೆಯ ನಿವೃತ್ತ ತಹಸೀಲ್ದಾರ ರಾಮಸ್ವಾಮಿಯವರು ಒಂದು ಮಾತಿಗೆ ಮೂರು ಸಲ ಗಂಟಲು ಸರಿಮಾಡಿಕೊಳ್ಳುವ ಸದ್ದು, ಮೂರನೆಯ ಸೀಟಿಗೆ ಮೊದಲು ಪ್ರೆಷರ್ ಕುಕ್ಕರು ಎಳೆದುಕೊಳ್ಳುವ ಉಸಿರು... ಯಾವುದನ್ನು ಕೇಳಿದರೂ ಆ ಕ್ಷಣದಲ್ಲೇ ಒಪ್ಪಿಸಿಬಿಡುವಳು. ಸ್ಟಾಫ್‌ರೂಮಿನಲ್ಲಿ ಗೋದಾ ಎಂಬ ಗೆಳತಿ ಮಾತ್ರ ಆಗಾಗ ಒಂದು ಬೇಡಿಕೆಯಿಡುತ್ತಿದ್ದಳು: “ಎಲ್ಲಾರದ್ದೂ ಆಯ್ತು. ಎದುರುಮನೆ ಈಶ್ವರ್ ಅವರದ್ದೊಂದು ಮಾಡೇ.” ಆಗ ನಮ್ಮ ನಾಯಕಿ ಟಿಫನ್ ಡಬ್ಬಿಯ ಮುಚ್ಚಳದ ಕಡೆ ನೋಡುತ್ತ, ಅದೊಂದು ತನಗೆ ಬರುವುದಿಲ್ಲವೆಂದು ಹೇಳಿಬಿಡುವಳು.

ಸುಳ್ಳು! ಭಾನುವಾರ ಮಧ್ಯಾಹ್ನ ಅಡಿಗೆಮನೆಯ ಬಾಗಿಲು ಹಾಕಿಕೊಂಡು ಹಿಟ್ಟು ನಾದುವಾಗ, ಯಾರೂ ಕೇಳದಂತೆ, ಅವಳು ನುಡಿಯುತ್ತಿದ್ದುದು ಆ ಒಂದೇ ಧ್ವನಿಯಲ್ಲಿ. ಪ್ರಿಯವಾದುದನ್ನು ನುಡಿಯುವವಳು ಎಂದು ಹೆಸರಿಟ್ಟುಕೊಂಡವಳು, ಪ್ರಿಯವಾದ ಒಂದೇ ಒಂದು ವಾಕ್ಯವನ್ನು ತನ್ನ ಸ್ವಂತ ಧ್ವನಿಯಲ್ಲಿ ನುಡಿಯಲಾರದೆ ಊರವರ ಧ್ವನಿಗಳ ಹಿಂದೆ ಅವಿತುಕೊಂಡಿದ್ದಳು.

ಇನ್ನು ಈಶ್ವರ್. ಕಾಟನ್‌ಪೇಟೆಯಲ್ಲಿ ಅವರ ಮನೆತನದ ಕಾಗದದ ಮಳಿಗೆ. ಬೆಂಗಳೂರಿನ ಅರ್ಧಕ್ಕರ್ಧ ಮದುವೆಗಳ ಲಗ್ನಪತ್ರಿಕೆಗೆ ಕಾಗದ ಹೋಗುವುದು ಅಲ್ಲಿಂದಲೇ. ಅನ್ಯರ ಲಗ್ನಕ್ಕೆ ಇಷ್ಟೊಂದು ರೀಮು ಕಾಗದ ಅಳೆದುಕೊಟ್ಟವನು ತನ್ನ ಲಗ್ನಕ್ಕೆ ಒಂದು ಹಾಳೆಯನ್ನೂ ಎತ್ತಿಡದೆ ಮೂವತ್ತಮೂರು ಮುಗಿಸಿದ್ದನು. ಮಳಿಗೆಯ ಮೇಲಿನ ಮನೆಯಲ್ಲಿ ತಾಯಿ ಗುರುಬಸಮ್ಮ, ಅಣ್ಣ, ಅತ್ತಿಗೆ, ಮಕ್ಕಳು ಮತ್ತು ಮಿಕ್ಕ ಕಾಗದ. ಅಲ್ಲಿ ನಾಯಿಗೆ ಜಾಗವಿರಲಿಲ್ಲ. ನಾಯಿಯನ್ನು ಬಿಡಲಾರದೆ ಮನೆಯನ್ನೇ ಬಿಟ್ಟು, ರಾಮಸ್ವಾಮಿಯವರ ಕಾಂಪೌಂಡಿನೊಳಗಿನ ಔಟ್‌ಹೌಸಿಗೆ ಬಾಡಿಗೆಗೆ ಬಂದಿದ್ದನು.

ಅರ್ಧ ಆಲ್ಸೇಷಿಯನ್, ಇನ್ನರ್ಧ ಗಾಂಧಿ ಬಜಾರ್ ಆಗಿದ್ದ ಆ ನಾಯಿಯು ಇಡೀ ದಿನ ಗೇಟಿನ ಪಕ್ಕದ ಕಟ್ಟೆಯ ಮೇಲೆ ಕುಳಿತು, ಬೀದಿಯಲ್ಲಿ ಬಂದವರನ್ನೂ ಹೋದವರನ್ನೂ ಅರೆಗಣ್ಣಿನಿಂದ ದಾಖಲಿಸಿಕೊಳ್ಳುತ್ತಿತ್ತು. ಖಾತೆ ಪಹಣಿಗಳ ಮೇಲೆ ಕಣ್ಣಿಟ್ಟ ಹಳೆಯ ಕಾಲದ ಶಾನುಭೋಗರ ಗಾಂಭೀರ್ಯವನ್ನೇ ಹೊತ್ತಿದ್ದ ಆ ಮುಖವನ್ನು ಕಂಡು ಈಶ್ವರ್ ಅದಕ್ಕೆ ‘ಶ್ವಾನುಭೋಗ’ ಎಂದು ಹೆಸರಿಟ್ಟಿದ್ದನು, ಮುದ್ದಿಗೆ ಭೋಗಿ. ತಿನ್ನಬಹುದು ಎನ್ನಲು ‘ರುಜು ಹಾಕಿ’, ತಿನ್ನಬಾರದು ಎನ್ನಲು ‘ಕಡತ ಮುಚ್ಚಿ’: ಈ ಎರಡೇ ಆಜ್ಞೆ. ಆದರೆ ಈಶ್ವರ್ ಹೇಳಿದರೆ ಮಾತ್ರ. ಬೇರೆ ಯಾರು ಹೇಳಿದರೂ, ಮೇಲಿನ ಕಚೇರಿಯಿಂದ ಆದೇಶ ಬಂದಿಲ್ಲವೆಂಬಂತೆ ಶ್ವಾನುಭೋಗರು ಮುಖ ತಿರುಗಿಸುತ್ತಿದ್ದರು.

ಎರಡು ವರ್ಷಗಳ ಹಿಂದೆ ಆ ಮುದಿಜೀವಕ್ಕೆ ಸಕ್ಕರೆ ಕಾಯಿಲೆ ಕಾಣಿಸಿಕೊಂಡಿತು. ಅದೇ ವರ್ಷದ ಯುಗಾದಿಯಲ್ಲಿ ಯಾರದೋ ಎಲೆಯ ಒಬ್ಬಟ್ಟನ್ನು ಕದ್ದು ತಿಂದು, ಮೂರು ದಿನ ಡಾಕ್ಟರ ಮೇಜಿನ ಮೇಲೆ ಗ್ಲೂಕೋಸಿಲ್ಲದ ಡ್ರಿಪ್ ಬಾಟಲಿಗೆ ಬಿಗಿಸಿಕೊಂಡು ಮಲಗಿತು. ಇನ್ನೊಮ್ಮೆ ಬೆಲ್ಲ ಸಕ್ಕರೆ ಹೊಟ್ಟೆಗೆ ಬಿದ್ದರೆ ಉಳಿಯುವ ಭರವಸೆಯಿಲ್ಲವೆಂದು ಡಾಕ್ಟರು ಹೇಳಿದ್ದನ್ನು ಈಶ್ವರ್ ಗೇಟಿನ ಬಳಿ ನಿಂತು, ಸ್ವರ ನಡುಗದಂತೆ ಜಾಗ್ರತೆ ವಹಿಸಿ ಹೇಳಿದಾಗ, ಆ ಜಾಗ್ರತೆಯನ್ನು ಕೇಳಿಸಿಕೊಂಡ ಪ್ರಿಯಂವದೆಗೆ ಎದೆಯೊಳಗೆ ಒಂದು ಹನಿ ಬಿದ್ದಂತಾಯಿತು... ರಾಗಿ ಹಿಟ್ಟು, ತುರಿದ ಕ್ಯಾರೆಟ್ಟು, ಉಪ್ಪಿಲ್ಲ, ಸಿಹಿಯಿಲ್ಲ: ತಾನೇ ಬಿಸ್ಕತ್ತು ಮಾಡಿಕೊಡುವೆನೆಂದು ಹೇಳಿಬಿಟ್ಟಳು. ಹೇಳಿದ ಮೇಲೆ ಓವನ್ ಇಲ್ಲವೆಂಬುದು ನೆನಪಾಯಿತು.

ಅಂದು ಸಂಜೆ ಹೊಸಲು ದಾಟುತ್ತಲೇ ಅವಳು “ಅತ್ತೆ, ನಂಗೆ ಅವನ್ ಬೇಕು” ಎಂದಳು, ತರಕಾರಿ ಹೆಚ್ಚುತ್ತಿದ್ದ ರಂಗನಾಯಕಿ ಈಳಿಗೆಮಣೆಯಿಂದ ಎದ್ದೇಬಿಟ್ಟು “ಯಾವನೇ ಅವನು?” ಎಂದಳು. ಅವನು ಅಂಗಡಿಯಿಂದ ಬಂದು, ಮುಚ್ಚಳದಲ್ಲಿ ಗಾಜಿನ ಕಣ್ಣಿರುವ ದುಂಡನೆಯ ಅಲ್ಯೂಮಿನಿಯಂ ದೇಹವನ್ನು ತೋರಿಸಿದ ಮೇಲೆಯೇ ಆಕೆ ಮತ್ತೆ ಕುಳಿತದ್ದು.

ರಂಗನಾಯಕಿಯ ವಿಷಯದಲ್ಲಿ ಒಂದು ಸೂಚನೆ ಕೊಡುವುದು ಅವಶ್ಯ. ಆಕೆಗೆ ಸಣ್ಣ ಕೋಪ ಬಂದರೆ ಕನ್ನಡದಲ್ಲಿ ಬೈಯುವಳು. ಅಯ್ಯಂಗಾರರ ಮನೆಯ ಹೆಣ್ಣಾದ್ದರಿಂದ ಕೋಪವು ನೆತ್ತಿಗೇರಿದರೆ ಮಾತ್ರ ತಮಿಳು ಹೊರಬೀಳುವುದು. ಮನೆಯಲ್ಲಿ ತಮಿಳು ಕೇಳಿಸಿದ ಮರುಗಳಿಗೆಯೇ ಬೆಕ್ಕು ಕೂಡ ಹಿತ್ತಲಿಗೆ ಹೋಗುತ್ತಿತ್ತು.

ಹೀಗೆ ಎರಡು ವರ್ಷ, ಪ್ರತಿ ಭಾನುವಾರ, ಸ್ಟೀಲಿನ ಡಬ್ಬಿಯೊಂದು ತುಂಬಿ ರಸ್ತೆ ದಾಟುವುದು. ಶನಿವಾರ ತೊಳೆದು ಒರೆಸಿಕೊಂಡು ಹಿಂದಿರುಗುವುದು. ಡಬ್ಬಿ ಕೊಡುವಾಗ ಒಂದೆರಡು ಮಾತು, ತಗೊಳ್ಳುವಾಗ ಒಂದೆರಡು. “ಹೋದ್ವಾರದ್ದಕ್ಕಿಂತ ಗರಿ ಜಾಸ್ತಿ ಇತ್ತಂತೆ,” ಎನ್ನುವನು ಈಶ್ವರ್, ನಾಯಿಯು ಬಂದು ಪ್ರತ್ಯೇಕವಾಗಿ ವರದಿ ಮಾಡಿದಂತೆ. ಅವಳು ನಗುವಳು. ಚಂದ್ರೋದಯಕ್ಕೆ ಸಮುದ್ರವು ಉಕ್ಕುವುದಂತೆ. ಇಲ್ಲಿ ಒಂದು ಖಾಲಿ ಡಬ್ಬಿಯನ್ನು ಕಂಡೇ ಅವಳ ಎದೆ ಅಷ್ಟು ಉಕ್ಕುತ್ತಿತ್ತು!

ಅಷ್ಟರಲ್ಲಿ ರಾಮಸ್ವಾಮಿಯವರು ನೋಟೀಸು ಕೊಟ್ಟರು. ತಾವು ಸಂಧ್ಯಾವಂದನೆಗೆ ಕೂತು ಗಾಯತ್ರಿಯನ್ನು ಎಣಿಸುವಾಗ ನಾಯಿ ಬೊಗಳಿ ಎಣಿಕೆ ತಪ್ಪಿಸುತ್ತದೆ, ಎಪ್ಪತ್ತಕ್ಕೆ ಬಂದವರು ಒಂದಕ್ಕೆ ಮರಳಬೇಕಾಗುತ್ತದೆ, ಅದು ಇರುವವರೆಗೆ ತಮಗೆ ಮೋಕ್ಷವಿಲ್ಲವೆಂದು ಮೂರು ಸಲ ಗಂಟಲು ಸರಿಮಾಡಿಕೊಂಡು ತಿಳಿಸಿದರು. ಈಶ್ವರ್ ವಾದಿಸಲಿಲ್ಲ. ಮಲ್ಲೇಶ್ವರದಲ್ಲಿ ಹಿತ್ತಲಿರುವ ಮನೆಯೊಂದು ಸಿಕ್ಕಿತು. ಮಲ್ಲೇಶ್ವರವೇನು ದೂರದ ದ್ವೀಪಾಂತರವೇ ಎಂದು ನೀವು ಕೇಳಬಹುದು. ಆದರೆ ಗೇಟಿನಿಂದ ಗೇಟಿಗೆ ಮಾತನಾಡುತ್ತ ಬೆಳೆದ ಪ್ರೇಮಕ್ಕೆ, ನಡುವೆ ಮೆಜೆಸ್ಟಿಕ್ಕಿನಲ್ಲಿ ಬಸ್ಸು ಬದಲಾಯಿಸಬೇಕಾದ ವಿರಹವು ಸಪ್ತಸಾಗರಕ್ಕೆ ಸಮಾನ! ಭಾನುವಾರದ ಡಬ್ಬಿಯಿಲ್ಲದಿದ್ದರೆ ಅವಳು ಯಾವ ನೆಪದಲ್ಲಿ ಆ ಗೇಟಿನ ಬಳಿ ನಿಲ್ಲಬೇಕು? ಹೊರಡುವ ಮೊದಲು ಹೇಳಲೇಬೇಕು. ಟೆಂಪೋ ಶ್ರೀಜಯಂತಿಯ ಮರುದಿನವೆಂದು ತಿಳಿದಂದಿನಿಂದ ಪ್ರಿಯಂವದಾ ಆ ವಾಕ್ಯವನ್ನು ಹನ್ನೊಂದು ಧ್ವನಿಗಳಲ್ಲಿ ಅಭ್ಯಾಸ ಮಾಡಿದ್ದಳು. ಮುಖ್ಯೋಪಾಧ್ಯಾಯಿನಿಯ ಧ್ವನಿಯಲ್ಲಿ ಅದು ಸುತ್ತೋಲೆಯಂತೆಯೂ ಹೂವಿನವಳ ಧ್ವನಿಯಲ್ಲಿ ಮೊಳಕ್ಕಿಷ್ಟು ಎಂಬಂತೆಯೂ ಕೇಳಿಸಿತು.

ಇತ್ತ ಅತ್ತೆಗೆ ಬೇರೆಯೇ ಚಿಂತೆ. ಹಿಂದಿನ ವರ್ಷ ಮೂಲೆಮನೆಯ ಸರಸ್ವತಮ್ಮ, ಹುಟ್ಟುಹಬ್ಬವೆಂದ ಮೇಲೆ ಕೇಕ್ ಬೇಡವೇ ಎಂದು, ಕೃಷ್ಣನಿಗೆ ಮೊಟ್ಟೆಯಿಲ್ಲದ ಕೇಕನ್ನೇ ನೈವೇದ್ಯ ಮಾಡಿ ಇಡೀ ಬೀದಿಯ ಬಾಯಲ್ಲಿ ಉಳಿದಿದ್ದಳು. ಮುಚ್ಚೋರೆ, ತೇಂಗೊಳಲು, ಚಕ್ಕುಲಿ, ಕೋಡುಬಳೆಗಳ ಸಾಮ್ರಾಜ್ಞಿಯಾದ ರಂಗನಾಯಕಿ ಆ ಪೆಟ್ಟನ್ನು ವರ್ಷವಿಡೀ ನುಂಗಿಕೊಂಡು, ಈ ಸಲ ಒಂದು ನಿರ್ಧಾರಕ್ಕೆ ಬಂದಳು. ನೀರು ಸೋಕಿಸದೆ ಬೆಣ್ಣೆಯಲ್ಲೇ ಕಲಸಿದ್ದು ಮುಸುರೆಯಾಗುವುದಿಲ್ಲ. ಹುಣಿಸೇಹಣ್ಣು ಹಾಕಿ ಉಜ್ಜಿದರೆ ಅಲ್ಯೂಮಿನಿಯಂ ಕೂಡ ಮಡಿಗೆ ಬರುತ್ತದೆ. ಆದ್ದರಿಂದ ಕೃಷ್ಣನಿಗೆ ಗೋಧಿ, ಬೆಲ್ಲ, ಬೆಣ್ಣೆ, ಏಲಕ್ಕಿಯ ಬಿಸ್ಕತ್ತು! ಶರತ್ತುಗಳು ಎರಡು. ಒಂದು: ಓವನ್ನಿನಲ್ಲಿ ಅಂದು ಮೊದಲ ಸರದಿ ದೇವರದು, ನಾಯಿಯದು ಏನಿದ್ದರೂ ಆಮೇಲೆ. ಎರಡು: ನೈವೇದ್ಯವಾಗುವವರೆಗೆ ಯಾರೂ ರುಚಿ ನೋಡಕೂಡದು, ಮೂಸಲೂ ಕೂಡದು.

ಎರಡನೆಯದನ್ನು ಪ್ರಿಯಂವದಾ ಅಕ್ಷರಶಃ ಪಾಲಿಸಿದಳು. ಮೊದಲನೆಯದನ್ನು... ಅಯ್ಯೋ, ಪ್ರೇಮಿಗಳ ಮುಂಜಾವುಗಳೇ! ಹೊಸಮನೆಗೆ ಹೋಗುವ ಭೋಗಿಗೆ ತಿಂಗಳಿಗಾಗುವಷ್ಟು ಬಿಸ್ಕತ್ತು ಮಾಡಿಡಬೇಕು, ಮಧ್ಯಾಹ್ನ ಕರೆಂಟು ಹೋಗುವುದಂತೂ ನಿಶ್ಚಯ ಎಂದು ಲೆಕ್ಕ ಹಾಕಿ, ಅತ್ತೆ ಏಳುವ ಮೊದಲೇ ಐದು ಗಂಟೆಗೆ ಸ್ನಾನ ಮಾಡಿ, ಸದ್ದಿಲ್ಲದೆ ರಾಗಿಯ ಬಿಸ್ಕತ್ತುಗಳನ್ನು ಬೇಯಿಸಿ ಒಂದು ಡಬ್ಬಿಗೆ ತುಂಬಿದಳು. ಆಮೇಲೆ ಓವನ್ನನ್ನು ಉಜ್ಜಿ, ಏನೂ ಅರಿಯದವಳಂತೆ ಹನ್ನೊಂದು ಗಂಟೆಗೆ ಅತ್ತೆಯ ಕಣ್ಣೆದುರು ಕೃಷ್ಣನ ಬಿಸ್ಕತ್ತುಗಳನ್ನು ಬೇಯಿಸಿ ಇನ್ನೊಂದು ಡಬ್ಬಿಗೆ ತುಂಬಿದಳು. ಎರಡೂ ಒಂದೇ ಜೊತೆಯ ಸ್ಟೀಲಿನ ಡಬ್ಬಿಗಳು. ಬಿಸ್ಕತ್ತು ಕತ್ತರಿಸಲು ಮನೆಯಲ್ಲಿದ್ದುದು ಹಾರ್ಲಿಕ್ಸ್ ಬಾಟಲಿಯ ಒಂದೇ ಮುಚ್ಚಳ. ರಾಗಿಯ ಕಪ್ಪು, ಬೆಲ್ಲದ ಕಪ್ಪು: ಎರಡೂ ಶ್ಯಾಮಲವರ್ಣ. ಎಡಗಡೆಯದು ಭೋಗಿಯದು, ಬಲಗಡೆಯದು ಕೃಷ್ಣನದು ಎಂದು ಮನಸ್ಸಿನಲ್ಲೇ ಗುರುತಿಟ್ಟುಕೊಂಡು, ತುಳಸಿಹಾರ ತರಲು ಅವಳು ಗಾಂಧಿ ಬಜಾರಿಗೆ ಹೋದಳು.

ಅವಳು ಅತ್ತ ಹೋದಳು, ಮಡಿಯುಟ್ಟ ಅತ್ತೆ ಇತ್ತ ಬಂದಳು. ಎರಡು ಡಬ್ಬಿಗಳನ್ನೂ ಮುಟ್ಟಿ ನೋಡಿದಳು. ಒಂದು ಇನ್ನೂ ಬೆಚ್ಚಗಿದೆ; ಒಂದು ತಣ್ಣಗಿದೆ. ಆಕೆಯ ತರ್ಕದಲ್ಲಿ ಲವಲೇಶವೂ ದೋಷವಿರಲಿಲ್ಲ. ಮೊದಲು ಬೆಂದದ್ದು ದೇವರದು. ಮೊದಲು ಬೆಂದದ್ದು ಮೊದಲು ತಣ್ಣಗಾಗುತ್ತದೆ. ತಾನು ಸ್ನಾನಕ್ಕೆ ಹೋದಾಗ ಹುಡುಗಿ ನಾಯಿಯದನ್ನೂ ಮುಗಿಸಿರಬೇಕು. ತಣ್ಣನೆಯ ಡಬ್ಬಿ ದೇವರಮನೆಗೆ ಹೋಯಿತು! ಹಾರ ತಂದ ಪ್ರಿಯಂವದಾ ಕಪಾಟಿನಲ್ಲಿ ಉಳಿದಿದ್ದ ಒಂದೇ ಡಬ್ಬಿಯನ್ನು ಕಂಡು, ಅತ್ತೆ ತಮ್ಮದನ್ನು ಒಯ್ದಿದ್ದಾರೆಂದುಕೊಂಡು, ಉಳಿದದ್ದನ್ನು ಎದೆಗವಚಿ ರಸ್ತೆ ದಾಟಿದಳು. ಏಲಕ್ಕಿಯ ಪರಿಮಳವೇನೋ ಬಂದಿತು. ಆದರೆ ಅಂದು ಆ ಬೀದಿಯ ಲೈಟುಕಂಬಗಳೂ ಏಲಕ್ಕಿಯ ಪರಿಮಳವನ್ನೇ ಬೀರುತ್ತಿದ್ದವು.

ಈಶ್ವರ್ ಪೆಟ್ಟಿಗೆಗಳ ನಡುವೆ ನಿಂತಿದ್ದನು. ಕಾಗದದ ವ್ಯಾಪಾರಿಯ ಪೆಟ್ಟಿಗೆಗಳು. ಒಂದೊಂದರ ಮೇಲೂ ‘ಶುಭವಿವಾಹ’ವೆಂದು ಅಚ್ಚಾಗಿತ್ತು. ಆ ಶುಭಶಕುನಗಳ ಮಧ್ಯೆ ನಿಂತು ಅವಳು ಬಾಯಿ ತೆರೆದಳು.

“ಇದು ತಿಂಗಳಿಗಾಗತ್ತೆ,” ಎಂದಳು.

ಆಮೇಲೆ ರಾಮಸ್ವಾಮಿಯವರ ಧ್ವನಿಯಲ್ಲಿ ಬಾಡಿಗೆದಾರರ ಮೇಲೊಂದು ಚಟಾಕಿ ಹಾರಿಸಿದಳು. ಅವನು ಮನಸಾರೆ ನಕ್ಕನು. ಅವಳು ಹಿಂದಿರುಗಿದಳು. ಇಷ್ಟೇ ಆದದ್ದು. ಗೇಟು ಹಾಕುವಾಗ ಅವಳ ಕಣ್ಣುಗಳು ಮಳೆಗಾಲದ ಕಿಟಕಿಗಳಂತಿದ್ದವು...

ಸಂಜೆಯ ದೀಪಗಳು ಹೊತ್ತಿದವು. ಹೊಸ್ತಿಲಿನಿಂದ ದೇವರಮನೆಯವರೆಗೆ ಅಕ್ಕಿಹಿಟ್ಟಿನಲ್ಲಿ ಕೃಷ್ಣನ ಪುಟ್ಟ ಹೆಜ್ಜೆಗಳು. ಮಂಟಪದ ಮೇಲಿನಿಂದ ದಾರದಲ್ಲಿ ತೂಗುವ ಸೀಬೆ, ಸೌತೆ, ಚಕ್ಕುಲಿ, ಕೋಡುಬಳೆ. ಕೆಳಗೆ ಬೆಣ್ಣೆಯ ಬಟ್ಟಲಿನ ಪಕ್ಕದಲ್ಲಿ ಬೆಳ್ಳಿಯ ತಟ್ಟೆಯ ತುಂಬ ಬಿಸ್ಕತ್ತು. ಮಂಗಳಾರತಿಯಾಯಿತು. ಬಂದವರಿಗೆಲ್ಲ ಪ್ರಸಾದದ ವಿನಿಯೋಗವಾಯಿತು. ರಾಮಸ್ವಾಮಿಯವರು ಬಿಸ್ಕತ್ತನ್ನು ಕಣ್ಣಿಗೊತ್ತಿಕೊಂಡು ಕಚ್ಚಿದರು. ಅದು ಕಚ್ಚಿಸಿಕೊಳ್ಳಲಿಲ್ಲ. ಕಟ್ಟಿಸಿಕೊಂಡ ಹಲ್ಲುಗಳನ್ನು ನಾಲಗೆಯಿಂದ ಹಿಡಿದುಕೊಂಡು ಇನ್ನೊಂದು ಬದಿಯಿಂದ ಯತ್ನಿಸಿ, ಕೊನೆಗೆ ಹಿರಿದೊಂದು ಚೂರನ್ನು ಗೆದ್ದು, ಪ್ರಸಾದವನ್ನು ಉಗುಳುವುದುಂಟೇ ಎಂದು ಭಕ್ತಿಯಿಂದ ಅಗಿಯತೊಡಗಿದರು. ಹಿಂದಿನ ಕಾಲದವರ ಸಾತ್ವಿಕ ಆಹಾರವೆಂದರೆ ಇದೇ, ಇದರಲ್ಲಿ ನಾಲಗೆಯ ಚಾಪಲ್ಯವೇ ಇಲ್ಲ ಎಂದು ಅವರು ತೀರ್ಪಿತ್ತರು. ಸರಸ್ವತಮ್ಮ ಬಹಳ ಹೊತ್ತು ಅಗಿದು, ಸಕ್ಕರೆಯೇ ಇಲ್ಲದೆ ರುಚಿ ತರುವುದು ಎಲ್ಲರಿಗೂ ಸಾಧ್ಯವಿಲ್ಲ ಎಂದಳು. ಅದು ಹೊಗಳಿಕೆಯೋ ಚುಚ್ಚುಮಾತೋ ಎಂದು ನಿಶ್ಚಯಿಸಲಾರದೆ, ಸ್ವತಃ ಇನ್ನೂ ಬಾಯಿಗಿಡದ ರಂಗನಾಯಕಿ ಎರಡಕ್ಕೂ ಸರಿಹೊಂದುವ ಮಂದಹಾಸ ಬೀರಿದಳು.

ಪ್ರಿಯಂವದೆಯ ಕೈಗೂ ಒಂದು ಬಿಸ್ಕತ್ತು ಬಂದಿತು. ಮನಸ್ಸು ಎದುರುಮನೆಯ ಪೆಟ್ಟಿಗೆಗಳ ನಡುವೆಯೇ ಇದ್ದುದರಿಂದ ಅವಳು ಅದನ್ನು ಸುಮ್ಮನೆ ಬಾಯಿಗಿಟ್ಟಳು.

ರಾಗಿ. ಕ್ಯಾರೆಟ್ಟು. ಉಪ್ಪಿಲ್ಲ. ಸಿಹಿಯಿಲ್ಲ...

ಒಂದು ಕ್ಷಣ ಅವಳಿಗೆ ಏನೂ ತಿಳಿಯಲಿಲ್ಲ. ಮರುಕ್ಷಣ ಎಲ್ಲವೂ ತಿಳಿಯಿತು! ಇದು ಇಲ್ಲಿದ್ದರೆ ಬೆಲ್ಲದ್ದು ಅಲ್ಲಿದೆ. ಗೋಡೆಯ ಗಡಿಯಾರದಲ್ಲಿ ಏಳು ಗಂಟೆ. ಭೋಗಿಗೆ ಬಿಸ್ಕತ್ತು ಹಾಕುವ ಹೊತ್ತು. ಕಣ್ಣಮುಂದೆ ಯುಗಾದಿಯ ಆ ಮೇಜು, ಆ ಬಾಟಲಿ, ನಡುಗದಂತೆ ಜಾಗ್ರತೆ ವಹಿಸಿದ ಆ ಸ್ವರ... ಕೈಯ ಬಿಸ್ಕತ್ತು ಕೈಯಲ್ಲೇ ಇರುವಂತೆ ಅವಳು ಓಡಿದಳು. ಒಳಬರುತ್ತಿದ್ದ ಬಾಲಕೃಷ್ಣನ ಬಿಳಿಯ ಹೆಜ್ಜೆಗಳನ್ನು ತುಳಿದು, ಅಳಿಸಿ, ಚಪ್ಪಲಿಯಿಲ್ಲದೆ, ಕೊಡೆಯಿಲ್ಲದೆ, ಜಡಿಮಳೆಗೆ ಇಳಿದಳು. ಇದನ್ನು ಕಂಡು ಅತ್ತೆ ಕೊಡೆ ಹುಡುಕಿದಳು. ಅತ್ತೆಯ ಹಿಂದೆ ಬಾಯಿತುಂಬ ಪ್ರಸಾದವಿದ್ದ ಅತಿಥಿಗಳು ಎದ್ದರು.

ಎದುರಿನ ಗೇಟಿಗೆ ಒಳಗಿನಿಂದ ಸರಪಣಿ. ಔಟ್‌ಹೌಸಿನ ಜಗಲಿಯಲ್ಲಿ ಬಲ್ಬಿನ ಕೆಳಗೆ ಡಬ್ಬಿ ಬಾಯ್ತೆರೆದು ಕೂತಿದೆ; ಒಂದು ಬಿಸ್ಕತ್ತು ತಟ್ಟೆಗೆ ಬಿದ್ದಿದೆ; ಒಳಗಿನಿಂದ ಪೆಟ್ಟಿಗೆ ಎಳೆಯುವ ಸದ್ದು. ಶ್ವಾನುಭೋಗರು ರುಜುವಿನ ಅಪ್ಪಣೆಗಾಗಿ ಇಷ್ಟು ಹೊತ್ತು ಕಾದಿದ್ದರು. ಆದರೆ ಎರಡು ವರ್ಷಗಳ ಬಳಿಕ ಬೆಲ್ಲದ ಪರಿಮಳವು ಆ ವೃದ್ಧನಾಸಿಕದ ಬಳಿಗೆ, ಕಳೆದುಹೋದ ಯೌವನದಂತೆ, ತಾನೇ ನಡೆದು ಬಂದಿತ್ತು... ಮೂತಿಯು ತಟ್ಟೆಯ ಕಡೆ ಬಾಗಿತು.

ಪ್ರಿಯಂವದಾ ಸರಪಣಿಯನ್ನು ಜಗ್ಗಿ, ಬೇಡ ಬೇಡವೆಂದು ಕೂಗಿದಳು. ನಾಯಿ ಅವಳನ್ನು ಕರುಣೆಯಿಂದ ನೋಡಿ ಮತ್ತೆ ಬಾಗಿತು. ಅಭ್ಯಾಸಬಲದಿಂದ ಗಂಟಲಿಗೆ ಮೊದಲು ಬಂದದ್ದು ರಾಮಸ್ವಾಮಿಯವರ ಧ್ವನಿ, ನಾಯಿ ಬಾಲವಾಡಿಸಿತು. ಅತ್ತೆಯ ಧ್ವನಿ ಬಂದಿತು, ಮುಖ್ಯೋಪಾಧ್ಯಾಯಿನಿಯ ಧ್ವನಿ ಬಂದಿತು. ಮೇಲಿನ ಕಚೇರಿಯ ಆದೇಶವಲ್ಲವೆಂದು ಶ್ವಾನುಭೋಗರು ಕಿವಿ ಕೂಡ ಎತ್ತಲಿಲ್ಲ. ಮೂತಿ ತಟ್ಟೆಯನ್ನು ಮುಟ್ಟಿತು. ಆಗ, ಯಾರ ಮುಂದೆಯೂ ಎಂದೂ ಆಡದಿದ್ದ ಆ ಧ್ವನಿ, ಭಾನುವಾರಗಳ ಹಿಟ್ಟಿನಲ್ಲಿ ನಾದಿ ನಾದಿ ಮುಚ್ಚಿಟ್ಟಿದ್ದ ಆ ಧ್ವನಿ, ಅದರ ತಗ್ಗಿನೊಂದಿಗೆ, ಕಾಟನ್‌ಪೇಟೆಯ ಗಡಸಿನೊಂದಿಗೆ, ಗಡಸಿನ ಅಡಿಯ ಮಾರ್ದವದೊಂದಿಗೆ ಮಳೆಯನ್ನು ಸೀಳಿಕೊಂಡು ಹೊರಟಿತು:

“ಶ್ವಾನುಭೋಗ್ರೇ, ಕಡತ ಮುಚ್ಚಿ!”

ನಾಯಿ ನೆಟ್ಟಗೆ ಕೂತಿತು. ಬಾಯಿ ಮುಚ್ಚಿತು.

ಒಳಗಿನ ಸದ್ದು ನಿಂತಿತು. ಹೆಗಲ ಮೇಲೆ ಸೆಣಬಿನ ದಾರ ಹಾಕಿಕೊಂಡ ಈಶ್ವರ್, ತಾನು ಒಳಗಿರುವಾಗ ಹೊರಗಿನಿಂದ ಕೂಗಿದ ತನ್ನನ್ನೇ ಹುಡುಕುವವನಂತೆ ಹೊರಬಂದನು.

“ಅದ್ರಲ್ಲಿ ಬೆಲ್ಲ ಇದೆ,” ಎಂದಳು ಪ್ರಿಯಂವದಾ, ಏದುತ್ತ. “ಡಬ್ಬಿ ಅದಲು ಬದಲಾಗಿದೆ.”

ಅವನು ಮೊದಲು ನಾಯಿಯ ಬಾಯಿ ಬಿಡಿಸಿ ಒಳಗೆಲ್ಲ ಬೆರಳಾಡಿಸಿ ನೋಡಿದನು. ತಟ್ಟೆಯ ಬಿಸ್ಕತ್ತು ಅಖಂಡವಾಗಿತ್ತು. ಡಬ್ಬಿಯ ಮುಚ್ಚಳ ಹಾಕಿ, ಬಂದು ಸರಪಣಿ ತೆಗೆದನು. ಇಬ್ಬರ ನಡುವೆ ಮಳೆಯೊಂದೇ ಉಳಿಯಿತು.

“ಇಡೀ ಬೀದಿಯವರದ್ದೆಲ್ಲ ಮಾಡ್ತೀರಿ ಅಂತ ಗೊತ್ತಿತ್ತು. ನಂದು ಯಾವಾಗ ಕಲಿತ್ರಿ?”

ಅವಳ ಕಂಠದ ಬಾಡಿಗೆದಾರರೆಲ್ಲ ಒಬ್ಬೊಬ್ಬರಾಗಿ ಬಾಗಿಲಿಗೆ ಬಂದರು. ಒಬ್ಬರಿಗೂ ಉತ್ತರ ತಿಳಿದಿರಲಿಲ್ಲ, ಎಲ್ಲರೂ ಹಿಂದಿರುಗಿದರು. ಖಾಲಿಯಾದ ಆ ಮನೆಯೊಳಗಿನಿಂದ ಕೊನೆಗೆ ಹೊರಬಂದದ್ದು ಒಂದು ಸಣ್ಣ ಸ್ವರ. ಅಂಚು ಸ್ವಲ್ಪ ಒಡೆದಿತ್ತು. ಅದು ಅವಳದೇ.

“ಕಲೀಲಿಲ್ಲ. ಮೂರು ವರ್ಷದಿಂದ ಕೇಳ್ತಿದೀನಿ... ಬೇರೆ ಏನೂ ಕೇಳಿಸ್ತಿರ್ಲಿಲ್ಲ.” ಮುಖದ ಮಳೆನೀರನ್ನು ಒರೆಸಿಕೊಂಡು ಹೇಳಿದಳು, “ನಾಳೆಯಿಂದ ಅದೂ ಕೇಳಿಸಲ್ಲ. ಅದನ್ನ ಹೇಳಕ್ಕೆ ಮಧ್ಯಾಹ್ನ ಬಂದಿದ್ದೆ. ಹೇಳಕ್ಕಾಗ್ಲಿಲ್ಲ.”

ಈಶ್ವರ್ ಹೆಗಲ ದಾರವನ್ನು ಇಳಿಸಿ ಕೈಗೆ ಸುತ್ತಿಕೊಂಡನು, ಬಿಚ್ಚಿದನು, ಮತ್ತೆ ಸುತ್ತಿಕೊಂಡನು.

“ನಾನೂ ಒಂದು ಹೇಳ್ಬೇಕು. ಭೋಗಿಗೆ ನಿಮ್ಮ ಬಿಸ್ಕತ್ತು ವಾರಕ್ಕೆ ನಾಲ್ಕೇ ಸಾಕು ಅಂದಿದ್ರು ಡಾಕ್ಟ್ರು.”

“ಮತ್ತೆ ಪ್ರತಿ ಶನಿವಾರ ಡಬ್ಬಿ ಖಾಲಿ ಬರ್ತಿತ್ತು?”

“ಮಿಕ್ಕಿದ್ದು ನಾನು ತಿಂತಿದ್ದೆ. ಖಾಲಿ ಮಾಡದಿದ್ರೆ ನೀವು ಮತ್ತೆ ತುಂಬಿಸ್ತಿರಲಿಲ್ವಲ್ಲ.”

ಎರಡು ವರ್ಷ! ಉಪ್ಪಿಲ್ಲದ, ಸಿಹಿಯಿಲ್ಲದ, ಹಲ್ಲಿಗೆ ಸವಾಲೆಸೆಯುವ ಆ ಬಿಸ್ಕತ್ತುಗಳನ್ನು ವಾರವಾರವೂ ಒಬ್ಬ ಮನುಷ್ಯ... ಅವಳಿಗೆ ನಗು ಬಂದಿತು, ಅಳು ಬಂದಿತು. ಯಾವುದು ಮೊದಲು ಬರಬೇಕೆಂದು ಅವು ಜಗಳವಾಡುತ್ತಿರುವಾಗ ಹಿಂದಿನಿಂದ ಯಾರೋ ಮೂರು ಸಲ ಗಂಟಲು ಸರಿಮಾಡಿಕೊಂಡರು.

ರಸ್ತೆಯ ನಡುವೆ ನಾಲ್ಕು ಕೊಡೆಗಳ ಕೆಳಗೆ ಇಡೀ ಸಭೆಯೇ ನಿಂತಿತ್ತು. ರಾಮಸ್ವಾಮಿಯವರ ಬಲಗೆನ್ನೆ ಇನ್ನೂ ಉಬ್ಬಿತ್ತು. ಸರಸ್ವತಮ್ಮ ತನ್ನ ಕೈಯ ಅರ್ಧಬಿಸ್ಕತ್ತನ್ನೂ ಜಗಲಿಯ ನಾಯಿಯನ್ನೂ ತಿರುತಿರುಗಿ ನೋಡುತ್ತಿದ್ದಳು. ಎಲ್ಲರ ಮುಂದೆ, ಪ್ರಸಾದದ ಬೆಳ್ಳಿತಟ್ಟೆಯನ್ನು ಸೆರಗಿನಡಿ ಹಿಡಿದು, ರಂಗನಾಯಕಿ.

“ಹಾಗಾದ್ರೆ ಕೃಷ್ಣನ ಮುಂದೆ ಇಟ್ಟಿದ್ದು ಯಾವ್ದು?”

ಈ ಸಲ ಪ್ರಿಯಂವದಾ ಯಾರ ಧ್ವನಿಯನ್ನೂ ಹುಡುಕಲಿಲ್ಲ. “ಭೋಗಿದು, ಅತ್ತೆ. ನೀವು ಏಳೋಕ್ಮುಂಚೆ ಐದು ಗಂಟೆಗೇ ಮಾಡ್ಬಿಟ್ಟಿದ್ದೆ. ನಿಮಗೆ ಹೇಳ್ಲಿಲ್ಲ. ತಪ್ಪು ನಂದೇ.”

ಹೇಳಿ, ತಮಿಳಿಗಾಗಿ ಕಾದಳು. ಮಳೆಯೂ ಕಾದಿತು. ತಲೆಮಾರುಗಳ ಮಡಿ, ಬೀದಿಯ ಮುಂದಿನ ಮಾನ, ಸರಸ್ವತಮ್ಮನ ಆ ಕಣ್ಣುಗಳು, ಎಲ್ಲವೂ ಆ ವೃದ್ಧಮುಖದ ಮೇಲೆ ಮೋಡಗಳಂತೆ ಹಾದುಹೋದವು... ರಂಗನಾಯಕಿ ಬಾಯಿ ತೆರೆದಳು.

“ಸ್ನಾನ ಮಾಡಿ ಮಾಡಿದ್ಯೋ, ಹಾಗೇ ಮಾಡಿದ್ಯೋ?”

ಕನ್ನಡ! ಸ್ನಾನ ಮಾಡಿಯೇ ಎಂದಳು.

“ಯಾರಾದ್ರೂ ಕಚ್ಚಿ ನೋಡಿದ್ರಾ?”

ಯಾರೂ ಇಲ್ಲ ಎಂದಳು.

“ಹಾಗಾದ್ರೆ ಕೃಷ್ಣ ಮೊದಲು ತಿಂದ, ಆಮೇಲೆ ಇವರೆಲ್ಲ ತಿಂದ್ರು. ನಾಯಿ ಇನ್ನೂ ತಿಂದೇ ಇಲ್ಲ. ತಿನ್ನೋವರ್ಗೂ ಅದು ನಾಯಿ ಬಿಸ್ಕತ್ತು ಹೇಗಾಗತ್ತೆ?” ಆಕೆ ಸಭೆಯ ಕಡೆ ತಿರುಗಿದಳು, ಯಾರ ಬಾಯಲ್ಲೂ ಪ್ರತಿವಾದಕ್ಕೆ ಜಾಗವಿರಲಿಲ್ಲ. ಆಮೇಲೆ ಈಶ್ವರನ ಕಡೆ ತಿರುಗಿ, ಅವನನ್ನು ಮೇಲಿನಿಂದ ಕೆಳಗಿನವರೆಗೆ, ಓವನ್ನು ಬಂದ ದಿನ ಅದನ್ನು ನೋಡಿದಂತೆಯೇ ನೋಡಿದಳು. “ಟೆಂಪೋ ಎಂಟಕ್ಕಲ್ವಾ? ಏಳಕ್ಕೆ ಕಾಫಿಗೆ ಬನ್ನಿ. ನಿಮ್ಮ ತಾಯಿಯವರ ಫೋನ್ ನಂಬರು ಬರ್ಕೊಂಡು ಬನ್ನಿ. ಮುಂದಿನ ಮಾತು ಅವರ ಹತ್ರ.”

ಹೇಳಿ, ಸೆರಗಿನಡಿಯ ಬೆಳ್ಳಿತಟ್ಟೆಯನ್ನು ಹೊರತೆಗೆದು, ಅದರಿಂದ ಒಂದು ರಾಗಿಯ ಬಿಸ್ಕತ್ತನ್ನು ಎತ್ತಿ ಜಗಲಿಯ ಮೇಲಿಟ್ಟಳು. ದೇವರು ಉಂಡು, ತಹಸೀಲ್ದಾರರು ಅಗಿದು, ಪ್ರದಕ್ಷಿಣೆ ಹಾಕಿ, ಭೋಗಿಯ ಬಿಸ್ಕತ್ತು ಭೋಗಿಯ ಬಳಿಗೇ ಬಂದಿತ್ತು. ನಾಯಿ ಅದನ್ನು ಮುಟ್ಟಲಿಲ್ಲ. ಅಪ್ಪಣೆಗಾಗಿ ಒಡೆಯನ ಮುಖ ನೋಡಿತು. ಈಶ್ವರ್ ಬಾಯಿ ತೆರೆಯಲು ಹೋದವನು ತಡೆದು, ಪ್ರಿಯಂವದೆಯ ಕಡೆ ನೋಡಿದನು.

ಅವಳು ಮಂಡಿಯೂರಿದಳು. ತಗ್ಗಿಲ್ಲ, ಗಡಸಿಲ್ಲ, ಕಾಟನ್‌ಪೇಟೆಯಿಲ್ಲ, ಅಂಚೊಡೆದ ಆ ಸಣ್ಣ ಸ್ವರದಲ್ಲೇ ನುಡಿದಳು: “ರುಜು ಹಾಕಿ.”

ಶ್ವಾನುಭೋಗರು ಅವಳನ್ನು ದೀರ್ಘವಾಗಿ ನೋಡಿದರು. ಒಂದು ಕಿವಿ ಎತ್ತಿದರು, ಇನ್ನೊಂದನ್ನೂ ಎತ್ತಿದರು. ಆಮೇಲೆ ತಲೆಬಾಗಿಸಿ, ಕಟುಂ ಕುಟುಂ ಎಂದು, ರುಜು ಹಾಕಿದರು.

ಮರುದಿನ ಟೆಂಪೋ ಬಂದೇ ಬಂತು, ಸಾಮಾನು ಹೋಗಿಯೇ ಹೋಯಿತು, ರಾಮಸ್ವಾಮಿಯವರು ನೂರೆಂಟನ್ನು ಒಂದೇ ಓಟದಲ್ಲಿ ಮುಗಿಸಿದರು. ಆದರೆ ಅಂದಿನ ಆ ಮಳೆಯ ಸಂಜೆ, ಅಕ್ಕಿಹಿಟ್ಟಿನ ದಾರಿಯಲ್ಲಿ, ಒಳಬಂದ ದೇವರ ಪುಟ್ಟ ಹೆಜ್ಜೆಗಳ ಮೇಲೆ ಹೊರಗೋಡಿದ ಒಬ್ಬ ಹೆಣ್ಣಿನ ಹೆಜ್ಜೆಗಳೂ, ಅವಳೊಡನೆ ಹಿಂದಿರುಗಿದ ಈಶ್ವರನ ಎರಡು ಬರಿಗಾಲು ಮತ್ತು ಭೋಗಿಯ ನಾಲ್ಕು ಪಂಜಗಳ ಗುರುತುಗಳೂ ಬೆಳಗಿನವರೆಗೆ ಒಂದರೊಳಗೊಂದು ಬೆರೆತು ಉಳಿದಿದ್ದವು. ರಂಗನಾಯಕಿ ಅವನ್ನು ಸಾರಿಸಲಿಲ್ಲ... ಓದುಗರೇ, ಮನುಷ್ಯನ ಹೃದಯವು ತನಗೆ ಅತಿಪ್ರಿಯವಾದುದನ್ನು ಎಷ್ಟೋ ಕಾಲ ಅನ್ಯರ ಮಾತಿನಲ್ಲಿ, ಅನ್ಯರ ಡಬ್ಬಿಯಲ್ಲಿ, ಅನ್ಯರ ಹೆಸರಿನಲ್ಲಿ ಕಳುಹಿಸುತ್ತಲೇ ಇರುತ್ತದೆ. ರುಚಿ ನೋಡುವ ಧೈರ್ಯವಿಲ್ಲದೆ, ಮುಟ್ಟುವುದೋ ಮುಟ್ಟದೋ ಎಂದು ಗೇಟಿನಾಚೆ ನಿಂತಿರುತ್ತದೆ. ಮುಟ್ಟಿರುತ್ತದೆ! ಆ ಕಡೆಯಲ್ಲಿ ಯಾರೋ ಒಬ್ಬರು, ಸಪ್ಪೆಯೆನ್ನದೆ, ಗಟ್ಟಿಯೆನ್ನದೆ, ಒಂದು ಚೂರೂ ಮಿಗಿಸದೆ, ಅದನ್ನು ಎಂದಿನಿಂದಲೋ ತಿಂದು ತೊಳೆದಿಡುತ್ತಿರುತ್ತಾರೆ.